ಬಿಡ್ಡಪ್ಪನವರ ಶಸ್ತ್ರಾಗಾರ

ಒಹಾಯೊ ರಾಜ್ಯದ ಕೊಲಂಬಸ್ಸಿನ ಕನ್ನಡಿಗರಲ್ಲಿ ಬಿಡ್ಡಪ್ಪನವರನ್ನು ಅರಿಯದವರಿಲ್ಲ. ಇದು ಹೆತ್ತವರು ಇಟ್ಟ ಹೆಸರಲ್ಲ. ಆನ್‌ಲೈನ್ ಹರಾಜಿನಲ್ಲಿ ಹಗಲಿರುಳೂ ಬಿಡ್ ಕೂಗುವುದನ್ನು ಕಂಡು ಗೆಳೆಯರು ಕಟ್ಟಿದ್ದು. ಊರು ತೀರ್ಥಹಳ್ಳಿ ಕಡೆ. ಉದ್ಯೋಗ ವಿಮಾ ಕಂಪನಿಯೊಂದರ ಡೇಟಾಬೇಸ್ ಕಾಯುವುದು. ಶುದ್ಧ ಸಸ್ಯಾಹಾರಿ, ಜಿರಲೆ ಕಂಡರೆ ಹೆಂಡತಿಯನ್ನು ಕೂಗುತ್ತಾರೆ. ಅವರ ಬೇಸ್‌ಮೆಂಟಿನಲ್ಲಿ ಮಾತ್ರ ಸಣ್ಣದೊಂದು ದಂಡು ಕಟ್ಟುವಷ್ಟು ರಿವಾಲ್ವರುಗಳಿವೆ.

ಎಲ್ಲವೂ ನಕಲು. ನಕಲೆಂದರೆ ಆಟಿಕೆಯಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದ ರಿವಾಲ್ವರುಗಳನ್ನು ನೋಡಿ ಇಟಲಿಯ ಬ್ರೆಷಾ ಸೀಮೆಯ ಗಾರ್ಡೋನೆ ವಾಲ್ ಟ್ರೊಂಪಿಯಾ ಎಂಬ ಕಣಿವೆಯೂರಿನ ಸುತ್ತಮುತ್ತ ಉಬರ್ಟಿ, ಪಿಯೆಟ್ಟಾ, ಪೆಡೆರ್ಸೋಲಿ ಮುಂತಾದ ಕಂಪನಿಗಳು ಮಾಡುವ ಪ್ರತಿಗಳು. ಕರಿಮದ್ದು ಹಾಕಿ, ಸೀಸದ ಗುಂಡು ಗಿಡಿದು, ಹಿಂದೆ ಕೇಪು ಸಿಕ್ಕಿಸಿ ಹೊಡೆಯಬೇಕು. ನಮ್ಮ ಮಲೆನಾಡಿನ ಕೇಪಿನ ಕೋವಿಗೆ ದೂರದ ದಾಯಾದಿ ಅನ್ನಿ.

ಇವುಗಳನ್ನು ಬಿಡ್ಡಪ್ಪನವರ ಮನೆಬಾಗಿಲಿಗೆ ತಂದ ಪುಣ್ಯ 1968ರ ಬಂದೂಕು ನಿಯಂತ್ರಣ ಕಾಯ್ದೆಗೆ ಸಲ್ಲಬೇಕು. ಆ ಕಾಯ್ದೆಯ ಕಣ್ಣಿನಲ್ಲಿ 1898ರವರೆಗೆ ತಯಾರಾದದ್ದು ಪುರಾತನ ವಸ್ತು. ಆ ಕಾಲದ ಮಾದರಿಯ ಕೇಪಿನ ರಿವಾಲ್ವರು ಹೋದ ವಾರ ತಯಾರಾಗಿದ್ದರೂ ಪುರಾತನವೇ; ಬಂದೂಕಿನ ಕಟ್ಟಳೆ ಅದಕ್ಕಿಲ್ಲ. ಕೆಲವು ರಾಜ್ಯಗಳ ಕಾನೂನು ಬಿಗಿಯಾಗಿದೆ, ಒಹಾಯೊದಲ್ಲಿ ಆ ತಲೆನೋವಿಲ್ಲ. 1999ರಲ್ಲಿ ಇ-ಬೇ ಬಂದೂಕುಗಳ ಹರಾಜನ್ನು ನಿಲ್ಲಿಸಿತು. ಅದೇ ವರ್ಷ ಗನ್‌ಬ್ರೋಕರ್ ಎಂಬ ಬಂದೂಕು ಹರಾಜಿನ ಜಾಲತಾಣ ಹುಟ್ಟಿತು. ಬಿಡ್ಡಪ್ಪನವರ ಸಂಸಾರ ಅರ್ಧ ಅಲ್ಲಿಯೇ ನಡೆಯುತ್ತದೆ.

ಮಾರುವವರ ಒಕ್ಕಣೆಯನ್ನು ಅವರು ಜಾತಕದಂತೆ ಓದುತ್ತಾರೆ. "ಒಂದೂ ಗುಂಡು ಹಾರಿಸಿಲ್ಲ ಎಂದು ನಂಬಲಾಗಿದೆ" ಎಂದಿದ್ದರೆ ಹಾರಿಸಿದ್ದಾನೆ, ಒರೆಸಿಟ್ಟಿದ್ದಾನೆ. "ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ತಾತನದು" ಎಂದಿದ್ದರೆ ಎಲ್ಲವೂ ಗೊತ್ತಿದೆ, ಪ್ರಶ್ನೆ ಬೇಡ ಎಂದರ್ಥ. ಹಿಡಿಯ ಫೋಟೊ ಒಂಬತ್ತಿದ್ದು ನಳಿಗೆಯ ಒಳಗಿನದು ಒಂದೂ ಇಲ್ಲದಿದ್ದರೆ ಒಳಗೆ ತುಕ್ಕಿನ ತೋಟವೇ ಇದೆ. ಇಟಲಿಯ ಪರೀಕ್ಷಾ ಮುದ್ರೆಯ ಪಕ್ಕ ಚೌಕದೊಳಗೆ ಕೊರೆದ ಪುಟ್ಟ ಅಕ್ಷರಗಳಿಂದ ತಯಾರಾದ ವರ್ಷ ತಿಳಿಯುತ್ತದೆ. 'ಎಎ' ಎಂದಿದ್ದರೆ 1975. ಮಸುಕು ಫೋಟೊದಲ್ಲೂ ಅದನ್ನು ಹಿಡಿಯುವ ಬಿಡ್ಡಪ್ಪನವರನ್ನು ಮಕ್ಕಳು ಹುಟ್ಟಿದ ವರ್ಷ ಕೇಳಿದರೆ ಅಡುಗೆಮನೆಯ ಕಡೆ ನೋಡುತ್ತಾರೆ.

ಇಷ್ಟೆಲ್ಲ ತಿಳಿದವರು ಮೋಸ ಹೋಗುವುದಿಲ್ಲ ಎಂದುಕೊಂಡಿರಾ? ತಿಳಿದೇ ಹೋಗುತ್ತಾರೆ. ಕೋಲ್ಟ್ ಕಂಪನಿಯ 1851ರ 'ನೇವಿ' ರಿವಾಲ್ವರು ಅಸಲಿನಲ್ಲಿ .36 ಅಳತೆಯದು; .44ರ ಹಿತ್ತಾಳೆ ಚೌಕಟ್ಟಿನ 'ನೇವಿ'ಯನ್ನು ಕೋಲ್ಟ್ ಮಾಡಲೇ ಇಲ್ಲ. ಇತಿಹಾಸದಲ್ಲಿ ಇಲ್ಲದ ಅದರ ನಕಲು ಅವರಲ್ಲಿ ಎರಡಿವೆ. ಒಂದಾದರೂ ಯಾಕೆ ಎಂದು ಕೇಳಿದರೆ "ಜೋಡಿ ಇರಲಿ ಅಂತ" ಎನ್ನುತ್ತಾರೆ.

ಅವರನ್ನು ನೋಡಬೇಕಾದದ್ದು ಹರಾಜಿನ ಕೊನೆಯ ಗಳಿಗೆಯಲ್ಲಿ. ಗನ್‌ಬ್ರೋಕರ್‌ನ ನಿಯಮದಂತೆ ಕೊನೆಯ 15 ನಿಮಿಷದೊಳಗೆ ಯಾರಾದರೂ ಬಿಡ್ ಹಾಕಿದರೆ ಗಡುವು ಮುಂದೆ ಹೋಗುತ್ತದೆ. 15 ನಿಮಿಷ ಯಾರೂ ಸೊಲ್ಲೆತ್ತದಿದ್ದರೆ ಮಾತ್ರ ಮುಗಿದ ಲೆಕ್ಕ.

"ರೀ, ಸಾರು ಆರ್ತಾ ಇದೆ."

"ಇನ್ನು ಹದಿನೈದೇ ನಿಮಿಷ ಕಣೇ."

ಎದುರಾಳಿ ಎಲ್ಲಿಯವನೋ, ಹೆಸರಿಲ್ಲ, ಮುಖವಿಲ್ಲ. ಐದು ಡಾಲರ್ ಏರಿಸುತ್ತಾನೆ. ಬಿಡ್ಡಪ್ಪನವರೂ ಏರಿಸುತ್ತಾರೆ. ಹದಿನೈದೇ ನಿಮಿಷ ಮತ್ತೆ ಹದಿನೈದಾಗುತ್ತದೆ. ಅವನ ಮನೆಯಲ್ಲೂ ಒಬ್ಬಾಕೆ ಸಾರಿಗೆ ಸಮನಾದ ಯಾವುದನ್ನೋ ಮೂರನೇ ಸಲ ಬಿಸಿಮಾಡುತ್ತಿರಬೇಕು. ಹನ್ನೊಂದೂವರೆಗೆ ಬಿಡ್ಡಪ್ಪನವರು "ಗೆದ್ದೆ!" ಎಂದು ಕೂಗುತ್ತಾರೆ. ಗೆದ್ದದ್ದು ಏನು ಎಂದು ಲೆಕ್ಕ ಹಾಕಿದರೆ, ಅಂಥದ್ದೇ ಹೊಚ್ಚ ಹೊಸದು ಕ್ಯಾಬೆಲಾಸ್ ಅಂಗಡಿಯಲ್ಲಿ ಇನ್ನೂ ಕಡಿಮೆಗೆ, ಕಾಯದೆ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಸೋಲುವವರು ಯಾರೂ ಇರುವುದಿಲ್ಲ. ಸೋತವನೊಬ್ಬನಿಲ್ಲದೆ ಬಿಡ್ಡಪ್ಪನವರಿಗೆ ಖರೀದಿ ರುಚಿಸದು. ಪೆಟ್ಟಿಗೆ ಮನೆಗೆ ಬಂದ ಮರುದಿನ ಅವರ ಕಣ್ಣು ಮುಂದಿನ ಹರಾಜಿನ ಮೇಲಿರುತ್ತದೆ.

ಗಣೇಶನ ಹಬ್ಬಕ್ಕೆ ಕರೆದರೆಂದು ಹೋದವರು ಮಂಗಳಾರತಿಯ ನಂತರ ಬೇಸ್‌ಮೆಂಟಿಗೆ ಇಳಿಯಲೇಬೇಕು. ನೇವಿಯ ಸಿಲಿಂಡರು ತಿರುಗಿಸುತ್ತ, "ಈ ಕೆತ್ತನೆ ನೋಡಿ, 1843ರ ಮೇ 16, ಟೆಕ್ಸಸ್ ನೌಕಾಪಡೆಗೂ ಮೆಕ್ಸಿಕೊದವರಿಗೂ ಕಂಪೇಚೆಯಲ್ಲಿ ನಡೆದ ಯುದ್ಧ" ಎಂದು ಶುರು ಮಾಡಿದರೆ ಕಡುಬು ಜೀರ್ಣವಾಗುವವರೆಗೂ ಬಿಡುವುದಿಲ್ಲ. ಆಮೇಲೆ ನಕಲುಗಳ ವರ್ಣಾಶ್ರಮ. ಮೇಲಿನ ಹಲಗೆಯಲ್ಲಿ ಕೂರುವುದು ಕೋಲ್ಟ್ ಕಂಪನಿಯೇ 1971ರಿಂದ ಮತ್ತೆ ಮಾರಿದ 'ಸೆಕೆಂಡ್ ಜನರೇಶನ್'. "ಇದು ಅಸಲಿ ಕೋಲ್ಟ್" ಎಂದು ಎದೆಯುಬ್ಬಿಸುತ್ತಾರೆ. ಅದರ ಬಿಡಿಭಾಗಗಳೂ ಇಟಲಿಯಿಂದಲೇ ಬಂದವು ಎಂಬುದನ್ನು ದನಿ ತಗ್ಗಿಸಿ ಹೇಳುತ್ತಾರೆ.

ಅವರ ಅರ್ಥಶಾಸ್ತ್ರವೇ ಬೇರೆ. 1847ರ ವಾಕರ್ ಕೋಲ್ಟ್ ಎರಡು ಕಿಲೊ ತೂಗುವ ಭೀಮ. ಅಸಲಿ ವಾಕರ್ ಒಂದು 2018ರ ಹರಾಜಿನಲ್ಲಿ 18.4 ಲಕ್ಷ ಡಾಲರಿಗೆ ಹೋಯಿತು. ಉಬರ್ಟಿಯ ನಕಲನ್ನು ಐನೂರು ಚಿಲ್ಲರೆಗೆ ತಂದ ದಿನ ಬಿಡ್ಡಪ್ಪನವರು ಹೆಂಡತಿಗೆ ಉಳಿತಾಯದ ಲೆಕ್ಕ ಒಪ್ಪಿಸಿದರು. "ಹದಿನೆಂಟು ಲಕ್ಷ ಉಳೀತಲ್ಲ, ಹಾಗಾದ್ರೆ ಅದರಲ್ಲಿ ಎರಡು ಬಳೆ ಮಾಡಿಸಿ" ಎಂದರಂತೆ ಆಕೆ.

ಹೊಡೆಯುವುದೂ ಉಂಟು, ಅಪರೂಪಕ್ಕೆ. 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘದ ಮೈದಾನ ಪಕ್ಕದ ಇಂಡಿಯಾನಾದಲ್ಲಿದೆ. ಆ ಹಳ್ಳಿಯ ಹೆಸರು ಫ್ರೆಂಡ್‌ಶಿಪ್. ಅಲ್ಲಿ ಆರು ಸುತ್ತು ಹೊಡೆದು, ಹೊಗೆ ಚದುರುವವರೆಗೆ ಗುರಿ ತಾಗಿತೋ ಇಲ್ಲವೋ ಕಾಣದೆ ನಿಂತು, ಖುಷಿಯಾಗಿ ಮರಳುತ್ತಾರೆ. ನಿಜವಾದ ಯುದ್ಧ ಮನೆಯಲ್ಲಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ; ಅಂದೇ ಬಿಸಿನೀರು, ಸಾಬೂನು ಹಾಕಿ ತೊಳೆಯಬೇಕು. ಗಂಧಕದ ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬುತ್ತದೆ. ಮೊಟ್ಟೆಯನ್ನೇ ಒಳಗೆ ಬಿಡದ ಅಡುಗೆಮನೆ! ಮುಸುರೆ ಪಾತ್ರೆ ಮುಟ್ಟದ ಮಹಾಶಯರು ಸಿಂಕಿನ ಮುಂದೆ ನಿಂತು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸಿಲಿಂಡರು ತಿಕ್ಕುವ ದೃಶ್ಯವನ್ನು ಆಕೆ ವಿಡಿಯೊ ಮಾಡಿ ತವರಿಗೆ ಕಳಿಸಿದ್ದಾರೆ.

ಊರಿನಲ್ಲಿರುವ ಅಪ್ಪಯ್ಯನ ಬಳಿ ತೋಟದ ಮಂಗ ಓಡಿಸುವ ಒಂದು ನಳಿಗೆಯ ಕೋವಿ ಇದೆ, ಲೈಸೆನ್ಸು ಸಮೇತ. ವಿಡಿಯೊ ಕಾಲಿನಲ್ಲಿ ಮಗನ ಸಂಗ್ರಹ ನೋಡಿ ಅವರು ಕೇಳಿದ್ದು ಒಂದೇ: "ಇಷ್ಟನ್ನೂ ಎಲೆಕ್ಷನ್ ಬಂದಾಗ ಠಾಣೆಗೆ ಹೊತ್ಕೊಂಡು ಹೋಗಿ ಡಿಪಾಸಿಟ್ ಮಾಡ್ಬೇಕಲ್ಲೋ, ಆಳು ಸಿಗ್ತಾರಾ ಅಲ್ಲಿ?"

ಕಳೆದ ದಸರೆಗೆ ಮುಂಚೆ ಗೊಂಬೆ ಕೂರಿಸಲು ಜಾಗ ಬೇಕೆಂದು ಹೆಂಡತಿ ಹಟ ಹಿಡಿದರು. ಬಿಡ್ಡಪ್ಪನವರು ಜೋಡಿ ಹಿತ್ತಾಳೆ ನೇವಿಯಲ್ಲಿ ಒಂದನ್ನು, ಸಿಂಕಿಗೆ ತಗುಲಿ ಹಿಡಿಯಲ್ಲಿ ಗೀರು ಬಿದ್ದದ್ದನ್ನು, ಹರಾಜಿಗಿಟ್ಟರು. "ಹಲವು ಸಲ ಹೊಡೆದಿದೆ, ಹಿಡಿಯಲ್ಲಿ ಗೀರಿದೆ" ಎಂದು ಸತ್ಯಹರಿಶ್ಚಂದ್ರನ ಧಾಟಿಯಲ್ಲಿ ಬರೆದರು. ಅಗ್ಗಕ್ಕೆ ಹೋಯಿತು. ಮೂರು ತಿಂಗಳ ನಂತರ ಅದೇ ಗೀರು, ಅದೇ ನಂಬರು ಮತ್ತೆ ಹರಾಜಿನಲ್ಲಿ ಕಂಡಿತು: "ತಾತನ ಅಟ್ಟದಲ್ಲಿ ಸಿಕ್ಕಿದ್ದು. ಒಂದೂ ಗುಂಡು ಹಾರಿಸಿಲ್ಲ." ರಾತ್ರಿ ಹನ್ನೆರಡರವರೆಗೆ ಕಾದಾಡಿ, ಮಾರಿದ ಬೆಲೆಯ ಎರಡರಷ್ಟು ಕೊಟ್ಟು ಬಿಡ್ಡಪ್ಪನವರು ಅದನ್ನು ಗೆದ್ದುಕೊಂಡರು.

"ಹಸೀ ಸುಳ್ಳು ಬರೆದಿದ್ದಾನಲ್ರೀ, ದೂರು ಕೊಡಿ" ಎಂದರು ಆಕೆ.

"ಸುಮ್ನಿರೇ" ಎಂದರು ಬಿಡ್ಡಪ್ಪನವರು, ಆ ಒಕ್ಕಣೆಯನ್ನು ಪ್ರಿಂಟು ತೆಗೆದು ಪೆಟ್ಟಿಗೆಯೊಳಗಿಡುತ್ತ. "ಅವನು ಮಾರೋವಾಗ ಅದು ಸುಳ್ಳು. ಈಗ ನಮ್ಮ ಕೋವಿಗೆ ಅದೇ ದಾಖಲೆ."