ಷಟ್ಪದಿಯಲ್ಲಿ ಪಲ್ಯ

ಹಳೆಗಾಲದ ಅಡುಗೆ ಪುಸ್ತಕ ಬೇಕೆನ್ನುವವರಿಗೆ ಕನ್ನಡದಲ್ಲಿ ಬರಗಾಲವಿಲ್ಲ. ಚಾವುಂಡರಾಯನ ‘ಲೋಕೋಪಕಾರ’ 1025ರ ಸುಮಾರಿನದು. ಅಂತರ್ಜಲ ಹುಡುಕುವ ವಿದ್ಯೆಯ ಜೊತೆಗೆ ಅಡುಗೆಯೂ ಅದರಲ್ಲುಂಟು. 16ನೇ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಂತೂ ಬದನೆ, ಹಲಸು, ಕಳಲೆಗಳಿಗೆ ಬಗೆಬಗೆಯ ಪಾಕ. ತೊಂದರೆ ಒಂದೇ: ಅದರಲ್ಲಿ ಎಲ್ಲವೂ ಷಟ್ಪದಿಯಲ್ಲಿ. ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿರುವಾಗ ಪದ್ಯದ ಅನ್ವಯ ಹುಡುಕಿದರೆ, ಆರನೇ ಸಾಲಿಗೆ ಬರುವಷ್ಟರಲ್ಲಿ ಒಗ್ಗರಣೆ ಕರಟಿರುತ್ತದೆ.

ಭಟ್ಕಳದ ಬಳಿಯ ಜಾಲಿಯ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ.

“ಬಂಗಡೆ ಎಷ್ಟನೇ ಪುಟದಲ್ಲುಂಟು?”

ಮಂಗರಸ ಜೈನ, ಮೀನಿಲ್ಲ ಎಂದೆ.

“ಒಣಮೆಣಸು?”

ಅದೂ ಇಲ್ಲ. ಆಗಿನ್ನೂ ಪೋರ್ಚುಗೀಸರ ಮೆಣಸಿನಕಾಯಿ ನಮ್ಮ ಅಡುಗೆಮನೆ ಹೊಕ್ಕಿರಲಿಲ್ಲ. ಖಾರಕ್ಕೆ ಕಾಳುಮೆಣಸು, ನಮ್ಮ ಭಟ್ಕಳ ಬಂದರಿನಿಂದ ಹಡಗೇರುತ್ತಿದ್ದ ಸರಕು. ಈ ಊರಭಿಮಾನಕ್ಕೂ ಚಿಕ್ಕಮ್ಮ ಕರಗಲಿಲ್ಲ.

ಕೊನೆಯ ಅಸ್ತ್ರ ತೆಗೆದೆ: ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’. 12ನೇ ಶತಮಾನದ್ದು, ಸಂಸ್ಕೃತದಲ್ಲಿದೆ. ಮೀನೂ ಉಂಟು, ಹೊಲದ ಇಲಿ ಬೇಯಿಸುವ ಕ್ರಮವೂ ಉಂಟು.

“ತಮಾ, ಇಲಿಗೆ ನಮ್ಮನೇಲಿ ಬೋನು ಉಂಟು, ಪುಸ್ತಕ ಬೇಡ. ಸುಮ್ಮನೆ ಕೂತು ಕಾಯಿ ತುರಿ.”