ನಾಲ್ಕು ತಾಲ್ಲೂಕುಗಳ ರಟ್ಟುಮೀಮಾಂಸೆ

ಮನೆಯ ಕಪಾಟಿಗೆ ಯಾವ ಬೈಂಡಿನ ಪುಸ್ತಕ ತಕ್ಕುದು ಎಂಬ ಗಹನ ಪ್ರಶ್ನೆಯನ್ನು ಬದಿಗೊತ್ತಿ ನಮ್ಮ ಆಲಂಕಾರಿಕರು ರಸ, ಧ್ವನಿ ಎಂದು ಕಾಲ ಕಳೆದದ್ದು ವಿಷಾದನೀಯ. ಈ ಲೋಪವನ್ನು ಸರಿಪಡಿಸಹೊರಟ ರಟ್ಟುಮೀಮಾಂಸಕರು ದಾವಣಗೆರೆ ಜಿಲ್ಲೆಯನ್ನೇ ಆರಿಸಿಕೊಂಡದ್ದು ಸಕಾರಣ. ಆ ಜಿಲ್ಲೆಯೇ ಒಂದು ಬೈಂಡು. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ಎಂದು ಬೇರೆ ಬೇರೆ ಫಾರಂಗಳನ್ನು, ಅಂದರೆ ಮಡಚಿದ ಹಾಳೆಗಳ ಕಂತೆಗಳನ್ನು, ತಂದು ಹೊಲಿದರು. ಹರಪನಹಳ್ಳಿ ಕಿತ್ತುಕೊಂಡು ಬಳ್ಳಾರಿಗೆ ಮರಳಿತು. ಹೊನ್ನಾಳಿಯಿಂದ ನ್ಯಾಮತಿ ಬಿಡಿ ಸಂಪುಟವಾಗಿ ಹೊರಬಂತು. ಹೊಲಿಗೆ ಸಡಿಲಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಅಧಿಕೃತ ಪ್ರಮಾಣ ಬೇಕೆ?

ಪೂರ್ವಪಕ್ಷ ಪೇಪರ್‌ಬ್ಯಾಕಿನವರದು. ಅಗ್ಗ, ಹಗುರ, ಬಸ್ಸಿನಲ್ಲಿ ನಿಂತೂ ಓದಬಹುದು. ನಿಜವೇ. ಆದರೆ ಇಲ್ಲಿ ಫಾರಂಗಳ ಬೆನ್ನನ್ನು ಕತ್ತರಿಸಿ, ಬಿಡಿ ಹಾಳೆಗಳ ಅಂಚಿಗೆ ಕಾದ ಅಂಟು ಬಳಿದು ರಕ್ಷಾಪುಟ ಮೆತ್ತಿರುತ್ತಾರೆ. ವರ್ಷ ಕಳೆದಂತೆ ಅಂಟು ಪೆಡಸಾಗುತ್ತದೆ. ಜಗಳೂರಿನ ಬೇಸಿಗೆ ಈ ಕಾರ್ಯಕ್ಕೆ ಯಥಾಶಕ್ತಿ ನೆರವಾಗುತ್ತದೆ. ಒಮ್ಮೆ ಪೂರ್ತಿ ಬಿಚ್ಚಿ ಹಿಡಿದರೆ ‘ಟಕ್’ ಎಂದು ಬೆನ್ನು ಬಿರಿದು, ನಾಯಕಿ ಒಂದು ಕೈಯಲ್ಲಿ, ನಾಯಕ ಇನ್ನೊಂದರಲ್ಲಿ.

ಪೂರ್ವಿಕರು ಈ ಪೇಪರ್‌ಬ್ಯಾಕಿನವರಿಗಿಂತ ಜಾಣರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಹಾಕಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದರು. ಬೆನ್ನೇ ಇಲ್ಲದ್ದು ಬಿರಿಯುವುದೆಲ್ಲಿ!

ಚನ್ನಗಿರಿ ಸಂಪ್ರದಾಯ ಎರಡು ಆಧಾರಗಳ ಮೇಲೆ ನಿಂತಿದೆ: ಮೈಲುತುತ್ತ ಮತ್ತು ದಬ್ಬಳ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆಗಿರುವ ಮೈಲುತುತ್ತವನ್ನೇ ಬೈಂಡರ್ ತನ್ನ ಮೈದಾ ಅಂಟಿಗೂ ಚಿಟಿಕೆ ಹಾಕುತ್ತಾನೆ, ಹುಳ ಹತ್ತದಿರಲೆಂದು. ಆದ್ದರಿಂದ ತೋಟಕ್ಕೂ ಗ್ರಂಥಕ್ಕೂ ಮದ್ದು ಒಂದೇ ಎಂಬ ಪ್ರಮೇಯ ಸಿದ್ಧ. ಇನ್ನು ಗೋಣಿಚೀಲ ಹೊಲಿಯುವ ದಬ್ಬಳ. ಜೂನ್ ತಿಂಗಳಲ್ಲಿ ಮಕ್ಕಳ ಪಠ್ಯಪುಸ್ತಕದ ಎಡ ಅಂಚಿಗೆ ಇದರಿಂದ ಮೂರು ತೂತು ಕೊರೆದು, ಟ್ವೈನ್ ದಾರ ಪೋಣಿಸಿ ಬಿಗಿದರೆ ಮಾರ್ಚ್‌ವರೆಗೆ ಒಂದು ಹಾಳೆಯೂ ಅಲುಗುವುದಿಲ್ಲ. ಬಲಪುಟದ ಸಾಲುಗಳ ಮೊದಲಕ್ಷರ, ಎಡಪುಟದ ಸಾಲುಗಳ ಕೊನೆಯಕ್ಷರ ಮಾತ್ರ ಹೊಲಿಗೆಯೊಳಗೇ ಉಳಿದುಬಿಡುತ್ತವೆ. ಪುಸ್ತಕ ಭದ್ರ, ಓದಿನ ಹೊಣೆ ಮೇಷ್ಟರದು.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಮಳೆಗಾಲದ ತೇವಕ್ಕೆ ದಪ್ಪ ರಟ್ಟೂ ಸೊಟ್ಟಗಾಗುತ್ತದೆ; ರಟ್ಟಿನ ದಪ್ಪವನ್ನು ನಂಬಬೇಡಿ ಎಂಬುದು ಅಲ್ಲಿನ ಸಿದ್ಧಾಂತ. ನ್ಯಾಮತಿ ಹೊಸ ತಾಲ್ಲೂಕಾದ್ದರಿಂದ ಸದ್ಯ ಹೊನ್ನಾಳಿಯ ಸಿದ್ಧಾಂತವೇ ಅಲ್ಲಿಗೂ ಅನ್ವಯ. ಆಕ್ಷೇಪಣೆಯಿದ್ದವರು ದಯವಿಟ್ಟು ತಹಶೀಲ್ದಾರರನ್ನು ಕಾಡಬಾರದು.

ಇವೆಲ್ಲವುಗಳ ಒಟ್ಟು ಸಿದ್ಧಾಂತ ಹೀಗಿದೆ. ಕ್ಯಾಲಿಕೋ ಬಟ್ಟೆ, ಬಂಗಾರದ ಅಕ್ಷರ ಎಲ್ಲವೂ ವೇಷ. ಗಟ್ಟಿ ರಟ್ಟಿನೊಳಗೂ ಬರೀ ಅಂಟೇ ಇರಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಂತೆ ದಿನವೂ ಬಿಚ್ಚಿ ಮುಚ್ಚುವ ಗ್ರಂಥಕ್ಕೆ ಫಾರಂ ಹೊಲಿಗೆ ಬೇಕೇ ಬೇಕು. ನೆಂಟರು ಎರವಲು ಒಯ್ಯುವ ಕಾದಂಬರಿಗೆ ಪೇಪರ್‌ಬ್ಯಾಕ್ ಸಾಕು. ಹೇಗೂ ವಾಪಸು ಬಾರದ್ದಕ್ಕೆ ಕ್ಯಾಲಿಕೋ ದುಂದುವೆಚ್ಚ.

ಕೊಳ್ಳುವ ಮುನ್ನ ಪುಸ್ತಕದ ಬೆನ್ನನ್ನು ಮೇಲಿನಿಂದ ಇಣುಕಿ ನೋಡಿ. ಮಡಚಿದ ಹಾಳೆಗಳ ಪುಟ್ಟ ಪುಟ್ಟ ಕಂತೆಗಳು ಕಂಡು, ಕಂತೆಯ ನಡುವೆ ದಾರ ಸಿಕ್ಕರೆ ಕಾಸು ಬಿಚ್ಚಿ. ಬರೀ ಅಂಟಿನ ಗೆರೆ ಕಂಡರೆ ಚೌಕಾಸಿ ಮಾಡಿ.