ಮೂರು ರಾಹುಕಾಲ

ನಮ್ಮ ಕಡೆ ಹೊಟ್ಟೆ ಬೆಳೆಯುವುದಿಲ್ಲ, ಸುಖ ಬೆಳೆಯುತ್ತದೆ. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅಳಿಯನ ಅಂಗಿಯ ಗುಂಡಿ ಕಿತ್ತು ಬರುವಂತಾದರೆ ಅದು ಅತ್ತೆಯ ಕೈರುಚಿಗೆ ಸಿಕ್ಕ ಪ್ರಶಸ್ತಿ. ಆಗದಿದ್ದರೆ, ‘ಯಾಕೋ ಸೊರಗಿದ್ದೀಯಲ್ಲಪ್ಪ, ಅವಳು ಸರಿಯಾಗಿ ಬಡಿಸ್ತಾಳೋ ಇಲ್ಲವೋ’ ಎಂಬ ವಿಚಾರಣೆ. ಪ್ರಮೋಷನ್ ಬಂದರೂ ತೆಳ್ಳಗೇ ಉಳಿದ ಅಧಿಕಾರಿಯನ್ನು ಕಂಡರೆ ಜವಾನನೂ ಕುರ್ಚಿ ಬಿಟ್ಟು ಏಳುವುದಿಲ್ಲ. ಸೈಟು, ಕಾರು, ಹೊಟ್ಟೆ ಮೂರೂ ಆದ ಮೇಲೆಯೇ ಮನುಷ್ಯ ಸೆಟ್ಲ್ ಆದ ಎಂದು ಲೆಕ್ಕ. ಮೊದಲೆರಡಕ್ಕೆ ಬ್ಯಾಂಕು ಸಾಲ ಕೊಡಬೇಕು. ಮೂರನೆಯದನ್ನು ಬೆಣ್ಣೆ ದೋಸೆ, ಮದುವೆ ಊಟ, ಸಂಜೆಯ ಬೋಂಡಾ ಸೇರಿ ಕೈಗಡವಾಗಿ ಕೊಡುತ್ತವೆ. ವಸೂಲಿ ಮಾತ್ರ ಆಮೇಲೆ.

ವಸೂಲಿಗೆ ಬರುವವರಲ್ಲಿ ಲಕ್ವವೂ ಒಂದು. ಹೊಟ್ಟೆಯೊಳಗೆ ಕರುಳು, ಲಿವರ್‌ಗಳ ಸುತ್ತ ಜಮಾಯಿಸಿದ ಕೊಬ್ಬು ತೆಪ್ಪಗೆ ಕೂರುವ ಜಾತಿಯದಲ್ಲ. ಬಿಪಿ ಏರಿಸುತ್ತದೆ, ದೇಹ ಇನ್ಸುಲಿನ್ ಮಾತು ಕೇಳದಂತೆ ಮಾಡಿ ಸಕ್ಕರೆ ಕಾಯಿಲೆಯನ್ನು ಕರೆತರುತ್ತದೆ, ರಕ್ತದ ಜಿಡ್ಡು ಕೆಡಿಸುತ್ತದೆ, ಹೃದಯದ ತಾಳವನ್ನೂ ತಪ್ಪಿಸಬಲ್ಲದು. ಕತ್ತಿನ ಸುತ್ತ ಸೇರಿಕೊಂಡರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೊರಡುತ್ತದೆ. ಆ ಗೊರಕೆಯನ್ನು ಪಕ್ಕದ ಕೋಣೆಯಿಂದ ಕೇಳಿದ ನೆಂಟರು ‘ಪುಣ್ಯವಂತ, ತಲೆ ಇಟ್ಟ ಕೂಡಲೇ ನಿದ್ದೆ’ ಎಂದು ಅಸೂಯೆಪಡುತ್ತಾರೆ. ಈ ಪುಣ್ಯವೆಲ್ಲ ಕೂಡಿಕೊಂಡು ಒಂದು ದಿನ ಮೆದುಳಿನ ರಕ್ತನಾಳ ಒಂದೋ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. 2010ರಲ್ಲಿ 25 ಅಧ್ಯಯನಗಳನ್ನು, ಅಂದರೆ 20 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಮಾಡಿ ನೋಡಿದರು. ನಾಳ ಕಟ್ಟಿಕೊಂಡು ಬರುವ ಲಕ್ವದ ಅಪಾಯ ತೂಕ ಹೆಚ್ಚಿದ್ದವರಿಗೆ ಶೇ 22ರಷ್ಟು, ಬೊಜ್ಜಿನವರಿಗೆ ಶೇ 64ರಷ್ಟು ಜಾಸ್ತಿ ಎಂದು ಕಂಡುಬಂತು.

ಇಂಥ ಅಂಕಿಗಳಿಗೆಲ್ಲ ನಮ್ಮ ಬಳಿ ಒಂದೇ ಉತ್ತರವಿದೆ: ತಾತ. ‘ನಮ್ಮ ತಾತ ದಿನಾ ತುಪ್ಪ ಕುಡಿದು ತೊಂಬತ್ತು ವರ್ಷ ಬದುಕಿದ್ರು.’ ನಿಜ. ತಾತ ತುಪ್ಪ ಕುಡಿದು ಹೊಲಕ್ಕೆ ನಡೆದು ಹೋಗಿ ಕತ್ತಲಾದ ಮೇಲೆ ನಡೆದೇ ಬರುತ್ತಿದ್ದರು. ಮೊಮ್ಮಗ ಅದೇ ತುಪ್ಪದ ಮಸಾಲೆ ದೋಸೆಯನ್ನು ಮೊಬೈಲಿನಲ್ಲಿ ತರಿಸುತ್ತಾನೆ, ಬಾಗಿಲು ತೆಗೆಯಲು ಮಗನನ್ನು ಕಳಿಸುತ್ತಾನೆ.

‘ನಾನೇನೂ ದಪ್ಪ ಇಲ್ಲವಲ್ಲ’ ಎನ್ನುವವರದು ಇನ್ನೊಂದು ಪಂಗಡ. ಇವರು ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಅವರ ಫೋಟೊ ನೋಡಬೇಕು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ತಮ್ಮನ್ನೇ ಪಾಠವಾಗಿ ಒಪ್ಪಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ರಿಗೆ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಓಡುವುದು ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ಸೇರಿಕೊಳ್ಳಲು ಮಾತ್ರ ಎಂದು ಅವರೇ ತಮಾಷೆ ಮಾಡಿಕೊಂಡಿದ್ದರು. ಭಾರತೀಯರ ಕೈಕಾಲು ಕಡ್ಡಿಯಂತಿದ್ದರೂ ಹೊಟ್ಟೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿಯಬೇಕು. ಪ್ಯಾಂಟನ್ನು ಹೊಟ್ಟೆಯ ತಪ್ಪಲಿಗೆ ಇಳಿಸಿಕೊಂಡು ‘ಇಪ್ಪತ್ತು ವರ್ಷದಿಂದ ನನ್ನದು ಮೂವತ್ನಾಲ್ಕೇ ಸೈಜು’ ಎಂದು ಬೀಗುವವರ ನಿಜ ದರ್ಜಿಗೆ ಗೊತ್ತು. ಗಿರಾಕಿ ಕೈತಪ್ಪುತ್ತಾನೆಂದು ಅವನು ಬಾಯಿ ಬಿಡುವುದಿಲ್ಲ.

ತೂಕದಲ್ಲಿ ಒಂದು ಕಿಲೊ ಇಳಿದರೆ ಬಿಪಿಯೂ ಸುಮಾರು ಒಂದು ಅಂಕ ಇಳಿಯುತ್ತದೆ. ಇಷ್ಟು ಅಗ್ಗದ ಔಷಧಿ ನಮಗೆ ಮರ್ಯಾದೆಯಲ್ಲ. ಮಾತ್ರೆಯೇ ಬೇಕು, ಸಿಕ್ಕ ಮೇಲೆ ಅದನ್ನೂ ಬಿಡಬೇಕು. ‘ಚೆಕ್ ಮಾಡಿಸಿದೆ, ನಾರ್ಮಲ್ ಇದೆ, ನಿಲ್ಲಿಸಿಬಿಟ್ಟೆ.’ ನಾರ್ಮಲ್ ಇದ್ದದ್ದು ಮಾತ್ರೆಯಿಂದ ಎಂಬುದು ಮಾತ್ರೆಗೆ ಮಾತ್ರ ಗೊತ್ತಿತ್ತು.

ಇನ್ನು ಲಕ್ವದ ಮುನ್ಸೂಚನೆಗಳು. ಅವು ಮುಚ್ಚುಮರೆಯಿಲ್ಲದೆ ಎಲ್ಲರೆದುರೇ ಬರುತ್ತವೆ, ಆದರೆ ಪ್ರತಿಯೊಂದಕ್ಕೂ ನಮ್ಮಲ್ಲಿ ಸಿದ್ಧ ಸಮಜಾಯಿಷಿ ಇದೆ. ನಗಲು ಹೇಳಿದಾಗ ತುಟಿಯ ಒಂದು ತುದಿ ಏಳದಿದ್ದರೆ ಫೋಟೊ ಚೆನ್ನಾಗಿ ಬಂದಿಲ್ಲವೆಂದು ಇನ್ನೊಂದು ತೆಗೆಯುತ್ತೇವೆ. ಎರಡೂ ಕೈ ಚಾಚಿದಾಗ ಒಂದು ತಾನಾಗಿ ಕೆಳಗಿಳಿದರೆ ರಾತ್ರಿ ಅಡ್ಡ ಮಲಗಿ ಜೋಮು ಹಿಡಿದಿದೆ. ಮಾತು ತೊದಲಿದರೆ, ಗಂಡಸಾದರೆ ಹಾಕಿಕೊಂಡಿದ್ದಾನೆ, ಹೆಂಗಸಾದರೆ ಮೈಮೇಲೆ ಬಂದಿದೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ ಕನ್ನಡಕದ ನಂಬರ್ ಬದಲಾಗಿರಬೇಕು. ತಲೆ ತಿರುಗಿ ಕಾಲು ಓಲಾಡಿದರೆ ಪಿತ್ತ. ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಬಡಿದರೆ ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರಾಯಿತು. ಯಾವುದಕ್ಕೂ ಸೇರದೆ ಉಳಿದದ್ದೆಲ್ಲ ಗ್ಯಾಸ್ಟ್ರಿಕ್. ಇವೆಲ್ಲಕ್ಕೂ ಇರುವ ಒಂದೇ ಸಮಾನ ಗುಣ, ದಿಢೀರನೆ ಬರುವುದು. ಅದನ್ನು ಯಾರೂ ಗಮನಿಸುವುದಿಲ್ಲ.

ಕೆಲವು ಅದೃಷ್ಟವಂತರಿಗೆ ಬಾಯಿ ಸೊಟ್ಟಗಾಗಿ ಹತ್ತೇ ನಿಮಿಷಕ್ಕೆ ಸರಿಹೋಗುತ್ತದೆ. ಹೆಪ್ಪು ತಾನಾಗಿ ಕರಗಿರುತ್ತದೆ, ಹೊಗಳಿಕೆ ಮನೆದೇವರಿಗೆ. ನಿಜವಾದ ಲಕ್ವ ಬರುವ ಸಂಭವ ಎಲ್ಲಕ್ಕಿಂತ ಹೆಚ್ಚಿರುವುದು ಅದರ ನಂತರದ ಎರಡು ದಿನಗಳಲ್ಲಿ. ಆ ಎರಡು ದಿನವನ್ನು ನಾವು ಹರಕೆ ತೀರಿಸುವ ಪ್ರಯಾಣದಲ್ಲಿ ಕಳೆಯುತ್ತೇವೆ.

ನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಂಚಾಂಗ ಬಲ್ಲವರಿಗೆ ಅರ್ಥವಾಗುವಂತೆ ಹೇಳುವುದಾದರೆ ಸರಿಯಾಗಿ ಮೂರು ರಾಹುಕಾಲ. ದೊಡ್ಡ ನಾಳವೇ ಮುಚ್ಚಿಕೊಂಡಿದ್ದರೆ ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವವರೂ ಇದ್ದಾರೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ. ಆದರೆ ಹಾಗೆ ದೊಡ್ಡ ನಾಳ ಮುಚ್ಚಿದಾಗ ಮೆದುಳು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಕಳೆದುಕೊಳ್ಳುತ್ತದೆ. ಒಂದು ರಾಹುಕಾಲ ತಡೆದು ಹೊರಟರೆ 17 ಕೋಟಿ.

ತಡೆದೇ ಹೊರಡುತ್ತೇವೆ. ಯಾವುದೇ ಮನೆಯನ್ನು ಎತ್ತಿಕೊಳ್ಳಿ, ಶುಕ್ರವಾರ ಬೆಳಿಗ್ಗೆ ಎನ್ನಿ. ಯಜಮಾನರ ಕೈಯಿಂದ ಪೇಪರು ಜಾರಿದೆ, ಬಾಯಿ ಎಡಕ್ಕೆ ಎಳೆದಿದೆ. ಹೆಂಡತಿ ‘108ಕ್ಕೆ ಫೋನ್ ಮಾಡಿ’ ಎಂದಳು. ‘ಗಾಬರಿ ಆಗಬೇಡಮ್ಮ, ಹಿರಿಯರು ಬರಲಿ’ ಎಂದು ಮೈದುನ ಸಮಾಧಾನ ಹೇಳಿ ಎಲ್ಲರಿಗೂ ಫೋನ್ ಮಾಡಿದ, 108ಕ್ಕೆ ಬಿಟ್ಟು. ಅರ್ಧ ಗಂಟೆಯಲ್ಲಿ ಸಭೆ ಸೇರಿತು. ಬಂದವರಿಗೆ ಕಾಫಿ ಮಾಡಲು ಹೆಂಡತಿಯನ್ನು ಒಳಗೆ ಕಳಿಸಲಾಯಿತು. ರೋಗಿಗೂ ಒಂದು ಲೋಟ ಬಂತು. ನುಂಗುವ ಸ್ನಾಯುಗಳಿಗೂ ಲಕ್ವ ಹೊಡೆದಿರುವಾಗ ಕುಡಿಸಿದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಹೋಗಬಹುದು, ಆದರೆ ಕಾಫಿ ಕೊಡದೆ ಕೂರಿಸುವುದು ನಮ್ಮ ಮನೆತನದ ಪದ್ಧತಿಯಲ್ಲ.

ಷಡ್ಡಕರು ಜೇಬಿನಿಂದ ಆಸ್ಪಿರಿನ್ ತೆಗೆದರು. ‘ಹಾರ್ಟಿಗೆ ಇದೇ ಕೊಡೋದು, ಮೆದುಳಿಗೂ ಆಗುತ್ತೆ.’ ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಸ್ಕ್ಯಾನ್ ಮಾತ್ರ ಹೇಳಬಲ್ಲದು, ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವಕ್ಕೆ ಒತ್ತಾಸೆ ಕೊಡುತ್ತದೆ. ಆದರೆ ಷಡ್ಡಕರ ಮೇಲೆ ಸ್ಕ್ಯಾನ್ ಉಂಟೇ? ಸೋದರಮಾವ ವಾಟ್ಸ್ಆ್ಯಪ್ ಓದಿದರು: ಚೀನಾದ ಯಾರೋ ಪ್ರೊಫೆಸರ್ ಹೇಳಿದ ಹಾಗೆ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ, ಕಿವಿ ಎಳೆದು ಕೆಂಪಗೆ ಮಾಡಬೇಕು. ಸೂಜಿ ಹುಡುಕುವುದರಲ್ಲಿ ಕಾಲು ಗಂಟೆ ಹೋಯಿತು. ಎದುರು ಮನೆಯವರು ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿದರೆ ಎದ್ದು ಓಡಾಡುತ್ತಾರೆ ಎಂದರು, ಪಾರಿವಾಳ ಸಿಗುವ ಜಾಗದ ಬಗ್ಗೆ ಚರ್ಚೆಯೂ ಆಯಿತು. ನಾಟಿ ವೈದ್ಯರ ಮೂರು ಊರುಗಳ ಹೆಸರು ಬಂತು. ಸ್ಕ್ಯಾನ್ ಇರುವ ಆಸ್ಪತ್ರೆಯ ಹೆಸರು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಮಗ ಕಾರು ತೆಗೆದಾಗ ಗಡಿಯಾರ ಹತ್ತೂಮುಕ್ಕಾಲು ತೋರಿಸಿತು. ದೊಡ್ಡಪ್ಪ ಕೈ ಅಡ್ಡ ಇಟ್ಟರು: ‘ಹನ್ನೆರಡರವರೆಗೆ ರಾಹುಕಾಲ. ಇಷ್ಟು ಹೊತ್ತು ಇದ್ದವನು ಇನ್ನೊಂದು ಗಂಟೆ ಇರಲ್ವಾ?’

ಹನ್ನೆರಡೂವರೆಗೆ ಆಸ್ಪತ್ರೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಅಲ್ಲಿಂದಲೇ ಔಷಧಿಯ ಗಡಿಯಾರ ಶುರು. ಹನ್ನೊಂದು ಜನರೂ ಮುಖ ಮುಖ ನೋಡಿಕೊಂಡರು. ಮೈದುನ ಎಂಟು ಎಂದ, ಷಡ್ಡಕರು ಒಂಬತ್ತು ಎಂದರು, ಸೋದರಮಾವ ‘ನಿನ್ನೆ ಫೋನಲ್ಲಿ ಚೆನ್ನಾಗಿ ಮಾತಾಡಿದ್ದ’ ಎಂದರು.

‘ಏಳು ಹತ್ತಕ್ಕೆ’ ಎಂದಳು ಹಿಂದೆ ನಿಂತಿದ್ದ ಹೆಂಡತಿ. ‘ಉಪ್ಪಿಟ್ಟಿಗೆ ಉಪ್ಪು ಸಾಲದು, ಇನ್ನಷ್ಟು ತಾ ಅಂದ್ರು. ಮಾತು ಸ್ಪಷ್ಟವಾಗಿತ್ತು. ತಂದು ಕೊಡೋವಷ್ಟರಲ್ಲಿ ಪೇಪರು ಕೆಳಗೆ ಬಿದ್ದಿತ್ತು.’

ದೊಡ್ಡಪ್ಪ ಅವಳತ್ತ ತಿರುಗಿ ಗದರಿದರು: ‘ಇಷ್ಟು ಚೆನ್ನಾಗಿ ಗೊತ್ತಿದ್ದವಳು ಮೊದಲೇ ಬಾಯಿ ಬಿಡೋದಕ್ಕೇನಮ್ಮ?’